40 ಸೆಕೆಂಡಲ್ಲಿ ಇಡೀ ಸ್ಟೇಜೇ ಬದಲಾಗುತ್ತಿತ್ತಾ?

ಪರದೆಹಿಂದೆ:
ನಮ್ಮದು ಶಿವಮೊಗ್ಗದ ಹವ್ಯಾಸಿ ತಂಡ. ನಾನು ಸೆಟ್ ಹೊರುವವಳು. ಹೋದ ತಿಂಗಳ ಶೋನಲ್ಲಿ ಮನೆ ಸೀನ್ ತೆಗೆದು ಕಾಡಿನ ಸೀನ್ ಹಾಕೋಕೆ 7 ನಿಮಿಷ ಹಿಡಿಯಿತು. ಕತ್ತಲಲ್ಲಿ ಮಂಚದ ಕಾಲು ನನ್ನ ಹೆಬ್ಬೆರಳ ಮೇಲೆ ಬಿತ್ತು. ಜನ ಮೊಬೈಲ್ ತೆಗೆದರು. ನ್ಯೂಯಾರ್ಕ್‌ನಲ್ಲಿ ಸ್ಟೀಲ್ ಮೆಕೈ ಅನ್ನುವ ನಾಟಕದವನು 1880ರಲ್ಲೇ 40 ಸೆಕೆಂಡಲ್ಲಿ ಸೀನ್ ಬದಲಿಸುತ್ತಿದ್ದನಂತೆ. ಮೋಟಾರ್ ಇಲ್ಲದೆ? ಸುಮ್ನೆ ಬುರುಡೆ ಅಲ್ವಾ?

ಲೇತ್‌ಮಾಮ:
ಬುರುಡೆ ಅಲ್ಲಮ್ಮ. ನಾನು 30 ವರ್ಷ ಲೇತ್ ಓಡಿಸಿದವನು, ಅದರ ಚಿತ್ರ ನೋಡುತ್ತಾ ಒಂದು ಭಾನುವಾರ ಇಡೀ ಕಳೆದಿದ್ದೇನೆ. ಅವನ ಥಿಯೇಟರ್ ಹೆಸರು ಮ್ಯಾಡಿಸನ್ ಸ್ಕ್ವೇರ್. ಒಂದರ ಮೇಲೊಂದು ಎರಡು ಸ್ಟೇಜು, ನಡುವೆ ಸುಮಾರು 25 ಅಡಿ. ಕೆಳಗಿನದರಲ್ಲಿ ನಾಟಕ ನಡೆಯುವಾಗ ಮೇಲಿನದರಲ್ಲಿ ಮುಂದಿನ ಸೆಟ್ ಜೋಡಿಸುತ್ತಿದ್ದರು. ಪರದೆ ಬಿದ್ದ ತಕ್ಷಣ ಎರಡೂ ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಇಡೀ ಚೌಕಟ್ಟು ಸುಮಾರು 48 ಟನ್!

ಊರಿನ ಬಾವಿಯ ಏತ ನೋಡಿದ್ದೀರಲ್ಲ? ಹಿಂದೆ ಕಲ್ಲು ಕಟ್ಟಿದರೆ ನೀರೆತ್ತೋದು ಹಗುರ. ಇಲ್ಲೂ ಅದೇ ಲೆಕ್ಕ. ಉಕ್ಕಿನ ಹಗ್ಗದ ಆ ತುದಿಗೆ ಸರಿತೂಕ. ಹಾಗಾಗಿ ಹಗ್ಗ ಸುತ್ತುವ ವಿಂಚ್ ತಿರುಗಿಸೋಕೆ ನಾಲ್ಕೇ ಜನ ಸಾಕಾಗುತ್ತಿತ್ತು. ವಾದ್ಯದವರನ್ನೂ ಮೆಕೈ ಸ್ಟೇಜ್ ಮುಂದಿನ ಗುಂಡಿಯಿಂದ ಎಬ್ಬಿಸಿ ಪರದೆಯ ಮೇಲಿನ ಗೂಡಿನಲ್ಲಿ ಕೂರಿಸಿದ್ದ. ಬೇಸಿಗೆಯಲ್ಲಿ ಮಂಜುಗಡ್ಡೆ ಮೇಲೆ ಹಾಯಿಸಿದ ಗಾಳಿ ಒಳಗೆ ಬಿಡುತ್ತಿದ್ದ. ನಾಟಕ ಬರೆದವನೂ ಅವನೇ, ಮ್ಯಾನೇಜರೂ ಅವನೇ!

ಟಿಕೆಟ್‌ಕೌಂಟರ್:
ಹಾಗಾದ್ರೆ ಒಳ್ಳೆ ದುಡ್ಡು ಮಾಡಿರಬೇಕು?

ಲೇತ್‌ಮಾಮ:
ಅಲ್ಲೇ ಎಡವಿದ್ದು ಸ್ವಾಮಿ. ಅವನ ‘ಹೇಜಲ್ ಕರ್ಕ್’ ನಾಟಕ ಅಲ್ಲಿ 486 ಸಲ ಆಡಿತು. ಜೊತೆಗೆ ಊರೂರಿಗೆ ತಂಡಗಳು ಹೋದವು. ಆದರೆ ಬಂಡವಾಳ ಹಾಕಿದ ಮ್ಯಾಲರಿ ಸೋದರರ ಜೊತೆಗಿನ ಕರಾರು ಏನು ಗೊತ್ತಾ? ಇವನಿಗೆ ವರ್ಷಕ್ಕೆ 5,000 ಡಾಲರ್ ಸಂಬಳ. ಕಲೆಕ್ಷನ್ ಎಲ್ಲ ಅವರಿಗೆ. ಸೋದರರಲ್ಲಿ ಒಬ್ಬರು ಪಾದ್ರಿ ಬೇರೆ! ನನಗಂತೂ ಓದುವಾಗ ಹೊಟ್ಟೆ ಉರಿಯಿತು. ನಾನೂ ಒಮ್ಮೆ ಓದದೇ ಸಹಿ ಹಾಕಿ ಒಂದು ಡ್ರಿಲ್ಲಿಂಗ್ ಮಷೀನ್ ಕಳೆದುಕೊಂಡವನು.

ಆಮೇಲೂ ಸುಮ್ಮನಿರಲಿಲ್ಲ. ನಟನೆ ಕಲಿಸುವ ಒಂದು ಶಾಲೆ ಶುರು ಮಾಡಿದವರಲ್ಲಿ ಒಬ್ಬನಾದ, ಅದು ಈಗಲೂ ಇದೆ. 1893ರ ಶಿಕಾಗೋ ವಿಶ್ವಮೇಳಕ್ಕೆ ಕೊಲಂಬಸ್ ಕಥೆ ತೋರಿಸೋಕೆ ಒಂದು ಭಾರಿ ಕಟ್ಟಡ ಎಬ್ಬಿಸಲು ಹೊರಟ. ಹಡಗು ತೇಲೋಕೆ ನಿಜವಾದ ನೀರು ಬೇಕಂತೆ! ಅಷ್ಟರಲ್ಲಿ ದೇಶದಲ್ಲಿ ದುಡ್ಡಿನ ಮುಗ್ಗಟ್ಟು ಬಂತು. ಅರ್ಧ ಎದ್ದ ಕಬ್ಬಿಣ ಗುಜರಿಗೆ ಹೋಯಿತು. ಹಠ ಬಿಡದೆ ಅದರದೇ ಚಿಕ್ಕ ಮಾದರಿ ಕಟ್ಟಿ 1894ರ ಫೆಬ್ರವರಿಯಲ್ಲಿ ತೋರಿಸಿದ. ಆಗಲೇ ಕಾಯಿಲೆ ಬಿದ್ದಿದ್ದ. ಅದೇ ತಿಂಗಳು 25ರಂದು ಕೊಲರಾಡೋ ರಾಜ್ಯದಲ್ಲಿ ರೈಲಿನಲ್ಲೇ ತೀರಿಕೊಂಡ. 51 ವರ್ಷ.

ಪರದೆಹಿಂದೆ:
ಅಯ್ಯೋ ಪಾಪ. ಮಾಮ, ನಮ್ಮ ಹಾಲ್‌ನಲ್ಲಿ ಏತದ ಲೆಕ್ಕ ನಡೆಯುತ್ತಾ? ಸ್ಟೇಜ್ ಕೆಳಗೆ ನೀರಿನ ಸಂಪ್ ಇದೆ.

ಲೇತ್‌ಮಾಮ:
ಸಂಪ್ ಮುಟ್ಟಬೇಡಿ! ಮನೆ ಸೆಟ್ಟನ್ನ ಎರಡು ಹಲಗೆ ಗಾಡಿ ಮೇಲೆ ಕಟ್ಟಿ. ಚಕ್ರ 4 ಇಂಚಿನದು ಇರಲಿ, ಬ್ರೇಕ್ ಇರೋದೇ ತಗೊಳ್ಳಿ. ಮಂಚ ಗಾಡಿಗೇ ಬೋಲ್ಟ್ ಮಾಡಿ, ಹೆಬ್ಬೆರಳು ಉಳಿಯುತ್ತೆ.