ಚಂದಮಾಮದ ಶಂಕರ್ ಅವರ ಹಾಗೆ ಗೆರೆಚಿತ್ರ: ಅಚ್ಚಿನಲ್ಲಿ ಮಸಿ ಕಟ್ಟದಂತೆ ಬಿಡಿಸುವುದು ಹೇಗೆ?

ಗಂಗಾವತಿ_ಓದುಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಹಿರಿಯರು ಹೇಳುವ ಕಥೆಗಳನ್ನು ಸೇರಿಸಿ ಮಕ್ಕಳಿಗಾಗಿ 16 ಪುಟದ ಪುಸ್ತಕ ತರುತ್ತಿದ್ದೇವೆ. ಎ5 ಅಳತೆ, ಕಪ್ಪು-ಬಿಳುಪು, 300 ಪ್ರತಿ. ಚಿತ್ರಗಳು ಚಂದಮಾಮದ ಬೇತಾಳ ಕಥೆಗಳಿಗೆ ಶಂಕರ್ ಬರೆದಂತೆ ಪೂರ್ತಿ ಗೆರೆಯಲ್ಲಿರಬೇಕು ಅಂತ ಆಸೆ. ಶಾಲೆಯ ಚಿತ್ರಕಲಾ ಮೇಷ್ಟ್ರು ಎರಡು ಮಾದರಿ ಕೊಟ್ಟಿದ್ದಾರೆ. ಹಾಳೆಯ ಮೇಲೆ ಚೆಂದ ಕಾಣುತ್ತವೆ. ಆದರೆ ಅಚ್ಚಿನ ಮಾದರಿ ತೆಗೆಸಿದರೆ ನೆರಳಿದ್ದ ಕಡೆಯೆಲ್ಲ ಕಪ್ಪು ಮುದ್ದೆ, ತೆಳು ಗೆರೆ ಮಾಯ. ತಪ್ಪು ಎಲ್ಲಿ? ಇನ್ನೊಂದು: ಕೊನೆಯ ಪುಟದಲ್ಲಿ ಶಂಕರ್ ಅವರ ಪರಿಚಯದ ಜೊತೆ ಅವರದೇ ಒಂದು ಚಿತ್ರ ಹಾಕಬಹುದೇ?

ಬಳ್ಳಾರಿ_ಹಳೇಸಂಚಿಕೆ

ಮೇಡಂ, ಮೊದಲು ಪರಿಚಯದ ಮಾತು. ಅವರ ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. ಹುಟ್ಟಿದ್ದು 1924ರಲ್ಲಿ, ತಮಿಳುನಾಡಿನ ಹಳ್ಳಿಯೊಂದರಲ್ಲಿ. ಮದ್ರಾಸಿನ ಸರ್ಕಾರಿ ಕಲಾ ಶಾಲೆಯಲ್ಲಿ ಕಲಿತು, 'ಕಲೈಮಗಳ್' ಪತ್ರಿಕೆಯಲ್ಲಿ ಕೆಲಸ ಮಾಡಿ, 1952ರಲ್ಲಿ ಚಂದಮಾಮ ಸೇರಿದರು. ಅಲ್ಲಿಂದ ದಶಕಗಟ್ಟಲೆ ಅದೇ ಮನೆ. 2020ರ ಸೆಪ್ಟೆಂಬರ್‌ನಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು. ಚಂದಮಾಮದ ಚಿತ್ರವೆಲ್ಲ ಶಂಕರ್ ಅವರದೇ ಅಂತ ಮಾತ್ರ ಬರೆಯಬೇಡ್ರಿ. ಮುಖಪುಟಗಳಲ್ಲಿ ವಡ್ಡಾದಿ ಪಾಪಯ್ಯ ಇದ್ದರು, ಮಹಾಭಾರತದ ಚಿತ್ರಗಳಿಗೆ ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯ ಇದ್ದರು. ಮಕ್ಕಳಿಗೆ ಈ ಹೆಸರುಗಳೂ ಗೊತ್ತಾಗಲಿ.

ಅವರಿಂದ ಕಲಿಯಬೇಕಾದ್ದು ಗೆರೆಗಳ ದಟ್ಟಣೆ ಅಲ್ಲ, ಮೈಯ ಭಾರ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಹೆಜ್ಜೆ ಹಾಕುತ್ತಿರುವ ವಿಕ್ರಮ: ಈ ಭಂಗಿಯನ್ನು ಪೆನ್ಸಿಲಿನಲ್ಲಿ ಬರೀ ಹೊರಗೆರೆಯಾಗಿ ಬಿಡಿಸಿ ನೋಡ್ರಿ. ಹೊತ್ತ ಕಡೆಯ ಹೆಗಲು ಏರಬೇಕು, ಸೊಂಟ ಎದುರು ಬದಿಗೆ ಸರಿಯಬೇಕು, ಊರಿದ ಕಾಲು ತಲೆಯ ನೇರಕ್ಕೆ ಬರಬೇಕು. ಇಲ್ಲದಿದ್ದರೆ ಎಷ್ಟು ನೆರಳು ಹಾಕಿದರೂ ಶವ ಹತ್ತಿಯ ಚೀಲದಂತೆ ಕಾಣುತ್ತದೆ. ಹಿನ್ನೆಲೆಗೆ ಬೇರೆ ಊರಿನ ಕಾಡು ಯಾಕೆ? ಆನೆಗುಂದಿಯ ಬಂಡೆ, ಜಾಲಿ ಗಿಡ, ಕಿನ್ನಾಳದ ಗೊಂಬೆಗಳ ಒಡವೆ-ಕಿರೀಟ ಕೈಯಳತೆಯಲ್ಲೇ ಇವೆ.

ರಾಯಚೂರು_ಡಿಟಿಪಿ

ಅಚ್ಚಿಗೆ ಬೂದು ಬಣ್ಣ ಗೊತ್ತಿಲ್ಲ, ಮಸಿ ಇದೆ ಇಲ್ಲವೇ ಬಿಳಿ ಇದೆ. ಆದ್ದರಿಂದ ಪೆನ್ಸಿಲ್ ನೆರಳು, ನೀರು ಬೆರೆಸಿದ ಇಂಕು ಪೂರಾ ಬಿಡ್ರಿ.

ಚಿತ್ರವನ್ನು ಎ4 ಹಾಳೆಯಲ್ಲಿ ಬಿಡಿಸ್ರಿ. ಎ5ಗೆ ಇಳಿಸಿದಾಗ ಅದು ಸುಮಾರು ಶೇ. 71 ಆಗುತ್ತದೆ, ಸಾಮಾನ್ಯ ಸ್ಕ್ಯಾನರ್‌ಗೂ ಹಿಡಿಯುತ್ತದೆ. ನಿಮ್ಮ ಮಾದರಿ ಹಾಳಾಗಿದ್ದು ಬಹುಶಃ ಈ ಇಳಿಕೆಯ ಲೆಕ್ಕ ಹಾಕದೆ: 0.1 ಪೆನ್ನಿನ ಗೆರೆ ಇಳಿದು 0.07 ಮಿ.ಮೀ. ಆದರೆ ಉಳಿಯುವುದಿಲ್ಲ. ನೆರಳ ಗೆರೆಗಳ ನಡುವಿನ ಸಂದೂ ಕುಗ್ಗುತ್ತದೆ, ಮಸಿ ಕಾಗದದಲ್ಲಿ ಹರಡಿ ಆ ಸಂದನ್ನು ತುಂಬುತ್ತದೆ. ಮೂಲದಲ್ಲಿ ಗೆರೆ 0.3ಕ್ಕಿಂತ ಕಡಿಮೆ ಬೇಡ, ಸಂದು 0.7 ಮಿ.ಮೀ. ಆದರೂ ಇರಲಿ. ಬಿಡಿಸುತ್ತಲೇ ಮಧ್ಯೆ ಒಮ್ಮೆ ಶೇ. 71ರ ಜೆರಾಕ್ಸ್ ತೆಗೆಸಿದರೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅಲ್ಲೇ ಕಾಣುತ್ತದೆ.

ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕಿ), ಗ್ರೇಸ್ಕೇಲ್ (ಬೂದು ಛಾಯೆಗಳಲ್ಲಿ). ಆಮೇಲೆ ಥ್ರೆಶೋಲ್ಡ್ (ಯಾವ ಬೂದು ಕಪ್ಪಾಗಬೇಕು, ಯಾವುದು ಬಿಳಿಯಾಗಬೇಕು ಎಂಬ ಗಡಿ) 128ರಿಂದ ಶುರು ಮಾಡಿ, ತೆಳು ಗೆರೆ ಕಡಿಯುತ್ತಿದ್ದರೆ ಸ್ವಲ್ಪ ಏರಿಸಿ. ಉಳಿಸುವುದು ಟಿಫ್ ಅಥವಾ ಪಿಎನ್‌ಜಿಯಲ್ಲಿ. ಜೆಪೆಗ್ ಆದರೆ ಗೆರೆಯ ಅಂಚಿನಲ್ಲಿ ಕೊಳೆ ಏಳುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸುವುದು ಬೇಡವೇ ಬೇಡ.

ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಪ್ಲಿಥೋ, ಅಂದರೆ ಪುಸ್ತಕದ ಸಾದಾ ಬಿಳಿ ಕಾಗದ, ಆದರೆ ಹಿಂದಿನ ಪುಟದ ಕಪ್ಪು ಈಚೆ ಇಣುಕುತ್ತದೆ. 90 ಅಥವಾ 100 ಕೇಳ್ರಿ. ಅಕ್ಷರ 16 ಪಾಯಿಂಟ್, ಸಾಲಿನ ಅಂತರ 24. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು. ಪಠ್ಯ ಯುನಿಕೋಡ್‌ನಲ್ಲೇ ಕೊಡ್ರಿ, ಹಳೆಯ ನುಡಿ ಫಾಂಟಿಗೆ ಬದಲಿಸಿದರೆ ಬದಲಾದ ಮೇಲೆ ಒತ್ತುಗಳನ್ನು ಒಂದೊಂದಾಗಿ ನೋಡಲೇಬೇಕು.

ಕೊಪ್ಪಳ_ಕುಂಚ

ಹಾಳೆ, ಇಂಕಿನ ಮಾತು ಉಳಿಯಿತು. ಕಾರ್ಟ್ರಿಜ್ ಹಾಳೆ ಇಂಕು ಹೀರಿ ಗೆರೆಯ ಅಂಚು ಒಡೆಯುತ್ತದೆ. ನುಣುಪಾದ ಐವರಿ ಶೀಟ್ ತೊಗೊಳ್ರಿ. ವಾಟರ್‌ಪ್ರೂಫ್ ಕಪ್ಪು ಇಂಕು, ಅದ್ದಿ ಬರೆಯುವ ನಿಬ್ಬು. ಆ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಿಸಿದರೆ ಒಣಗಿ ಪೆನ್ನು ಕೆಡುತ್ತದೆ. ನಮ್ಮ ಬೇಸಿಗೆಯಲ್ಲಿ ನಿಬ್ಬಿನ ತುದಿಯಲ್ಲೇ ಇಂಕು ಗಟ್ಟಿಯಾಗುತ್ತದೆ, ಫ್ಯಾನ್ ಕೆಳಗಂತೂ ಇನ್ನೂ ಬೇಗ. ಪಕ್ಕದಲ್ಲಿ ನೀರಿನ ಬಟ್ಟಲು, ಹಳೆ ಬನಿಯನ್ ಬಟ್ಟೆ ಇಟ್ಟುಕೊಂಡು ಆಗಾಗ ತೊಳೆದು ಒರೆಸಬೇಕು. ದೊಡ್ಡ ಕಪ್ಪು ಜಾಗಗಳನ್ನು ನಿಬ್ಬಿನಿಂದ ತುಂಬಬೇಡಿ, 2 ನಂಬರ್ ದುಂಡು ಕುಂಚದಿಂದ ತುಂಬಿ. ಇಂಕು ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ಅಳಿಸಿ, ಇಲ್ಲವಾದರೆ ಕಪ್ಪು ಬಳಿದುಕೊಂಡು ಬೂದಾಗುತ್ತದೆ.

ಗಂಗಾವತಿ_ಓದುಮನೆ

ತುಂಬ ಉಪಕಾರವಾಯಿತು. ಒಂದು ಚಿತ್ರ ಎರಡು ಪುಟಕ್ಕೂ ಹರಡಿ ಬರಲಿ ಅಂತ ಮೇಷ್ಟ್ರ ಆಸೆ. ಎಲ್ಲಿ ಬೇಕಾದರೂ ಹಾಕಬಹುದೇ?

ರಾಯಚೂರು_ಡಿಟಿಪಿ

8-9ನೇ ಪುಟದಲ್ಲಿ ಮಾತ್ರ ಹಾಕಿ. ನಾಲ್ಕು ಎ4 ಹಾಳೆ ಮಡಚಿ ಪಿನ್ನು ಹೊಡೆದರೆ ನಡುವಿನ ಈ ಎರಡು ಪುಟ ಒಂದೇ ಹಾಳೆಯ ಒಂದೇ ಬದಿಯಲ್ಲಿ ಬರುತ್ತವೆ. ಬೇರೆ ಜೋಡಿಗಳೆಲ್ಲ ಎರಡು ಬೇರೆ ಹಾಳೆ, ಮಡಿಕೆ ಒಂದೆರಡು ಮಿ.ಮೀ. ಸರಿದರೆ ಚಿತ್ರದಲ್ಲಿನ ಕತ್ತಿ ತುಂಡಾದಂತೆ ಕಾಣುತ್ತದೆ. ನಡುಪುಟದಲ್ಲೂ ಮಡಿಕೆಯಿಂದ 10 ಮಿ.ಮೀ. ಒಳಗೆ ಮುಖ, ಕಣ್ಣು ಬರಬಾರದು, ಪಿನ್ನು ಅಲ್ಲೇ ಬೀಳುತ್ತದೆ. ಎ3 ಸ್ಕ್ಯಾನರ್ ಇಲ್ಲದಿದ್ದರೆ ಈ ಚಿತ್ರವನ್ನು ಎರಡು ಎ4 ಹಾಳೆಯಲ್ಲಿ ಬಿಡಿಸಿ.

ಬಳ್ಳಾರಿ_ಹಳೇಸಂಚಿಕೆ

ಶಂಕರ್ ಅವರ ಚಿತ್ರ ಅನುಮತಿ ಇಲ್ಲದೆ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಪತ್ರಿಕೆಯ ನೌಕರಿಯಲ್ಲಿದ್ದು ಬರೆದ ಚಿತ್ರವಾದರೆ ಪತ್ರಿಕೆಯ ಒಡೆತನದವರ ಹಕ್ಕೂ ಸೇರಿಕೊಳ್ಳುತ್ತದೆ. ಟ್ರೇಸ್ ಮಾಡಿದರೂ ಅದೇ ತೊಡಕು. ಪರಿಚಯದ ಪುಟಕ್ಕೆ ಮೇಷ್ಟ್ರಿಂದಲೇ ನಿಬ್ಬು, ದೌತಿಯ ಚಿತ್ರ ಬಿಡಿಸಿಕೊಳ್ಳಿ. ಮತ್ತು ಮೇಷ್ಟ್ರ ಹೆಸರು ಮುಖಪುಟದ ಮೇಲೇ, ಕಥೆ ಬರೆದವರ ಹೆಸರಿನಷ್ಟೇ ದಪ್ಪಕ್ಕೆ ಬರಲಿ.