ಮಳೆ ಹಿಡಿದಾಗಿನಿಂದ ಮನೆ, ಕೊಟ್ಟಿಗೆ, ಹಿತ್ತಲು ತುಂಬ ನೊಣ: ಮೂಲವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಹಿತ್ತಲ_ಸೀಬೆ (ಆಲ್ದೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ, ಕಾಫಿ ತೋಟದ ಅಂಚಿನಲ್ಲಿದೆ. ಮುಂಗಾರು ಹಿಡಿದಾಗಿನಿಂದ ನೊಣಗಳ ಕಾಟ ಹೇಳತೀರದಷ್ಟಾಗಿದೆ. ಅಡುಗೆಮನೆಯ ಕಿಟಕಿ, ಊಟದ ತಟ್ಟೆ, ಮಲಗಿಸಿದ ಮಗುವಿನ ಮುಖ, ಎಲ್ಲೆಂದರಲ್ಲಿ ಮುತ್ತುತ್ತವೆ. ಕೊಟ್ಟಿಗೆಯ ಹಸುಗಳು ಹಾಲು ಕರೆಯುವಾಗ ಒಂದೇ ಸಮನೆ ಕಾಲು ಝಾಡಿಸುತ್ತವೆ. ಹಿತ್ತಲಿನ ಸೀಬೆಹಣ್ಣು ಹೆಚ್ಚಿದರೆ ಒಳಗೆಲ್ಲ ಬಿಳಿಯ ಹುಳು. ತೋಟಕ್ಕೆಂದು ತರಿಸಿದ ಒಂದು ಟ್ರ್ಯಾಕ್ಟರ್ ಕೋಳಿ ಗೊಬ್ಬರ ಕೊಟ್ಟಿಗೆಯ ಪಕ್ಕದ ಸಿಲ್ವರ್ ಓಕ್ ಮರದ ಕೆಳಗೆ ರಾಶಿ ಬಿದ್ದಿದೆ. ಹಲಸಿನ ಕಾಲವಾದ್ದರಿಂದ ತೊಳೆ ಬಿಡಿಸಿದ ಮೇಲೆ ಉಳಿಯುವ ಸಿಪ್ಪೆ, ರೆಚ್ಚೆಗಳೂ ಅದರ ಬಳಿಯೇ ಬೀಳುತ್ತಿವೆ.

ಮನೆಯ ಸುತ್ತ ಔಷಧಿ ಸಿಂಪಡಿಸುವಂತೆ ಕೆಲವರು ಹೇಳುತ್ತಿದ್ದಾರೆ. ಆದರೆ ಮನೆಯಲ್ಲಿ ಕೂಸಿದೆ, ಹಿತ್ತಲಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ, ಆದ್ದರಿಂದ ಮನಸ್ಸು ಒಪ್ಪುತ್ತಿಲ್ಲ. ಮನೆಯೊಳಗೆ ಬರುವ ನೊಣಕ್ಕೂ ಸೀಬೆಯೊಳಗಿನ ಹುಳುವಿಗೂ ಸಂಬಂಧವಿದೆಯೇ? ಸಿಂಪಡಿಸದೆ ಇವುಗಳನ್ನು ಹತೋಟಿಗೆ ತರಲು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಕೊಟ್ಟಿಗೆ_ಮನೆ (ಬೇಲೂರು)

ನೀವು ವಿವರಿಸಿದ ರೀತಿ ನೋಡಿದರೆ ನಿಮ್ಮಲ್ಲಿರುವುದು ಒಂದಲ್ಲ, ಕನಿಷ್ಠ ಮೂರು ಬಗೆಯ ನೊಣ. ತಟ್ಟೆಯ ಮೇಲೆ ಕೂರುವುದು ಮನೆ ನೊಣ. ಅದರ ಬೆನ್ನಿನ ಮೇಲೆ ನಾಲ್ಕು ಕಪ್ಪು ಗೆರೆಗಳಿರುತ್ತವೆ. ಹಸುವಿನ ಕಾಲಿಗೆ ಮುತ್ತುವುದು ನೋಡಲು ಹಾಗೆಯೇ ಇದ್ದರೂ ಬಾಯಿಯ ಭಾಗ ಸೂಜಿಯಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದು ರಕ್ತ ಹೀರುವ ಕೊಟ್ಟಿಗೆ ನೊಣ, ಹಸು ಕಾಲು ಝಾಡಿಸುವುದು ಅದರ ಕಡಿತಕ್ಕೇ. ಸೀಬೆಯದು ಪೂರ್ತಿ ಬೇರೆ ಜಾತಿ. ಅದರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ.

ಮನೆ ನೊಣದ ಮೂಲ ನಿಮ್ಮ ಕೋಳಿ ಗೊಬ್ಬರದ ರಾಶಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೆಣ್ಣು ನೊಣ ಒಂದು ಸಲಕ್ಕೆ ನೂರರ ಆಸುಪಾಸಿನಲ್ಲಿ ಮೊಟ್ಟೆಯಿಡುತ್ತದೆ, ಒಂದೇ ದಿನದೊಳಗೆ ಅವು ಮರಿಯಾಗುತ್ತವೆ, ಬೆಚ್ಚಗಿನ ಹವೆಯಿದ್ದರೆ ಏಳರಿಂದ ಹತ್ತು ದಿನಗಳಲ್ಲಿ ಹೊಸ ನೊಣ ಹಾರುತ್ತದೆ. ಹಾರುವ ನೊಣಕ್ಕೆ ಸಿಂಪಡಿಸಿ ಕೊಂದರೂ ರಾಶಿಯೊಳಗೆ ಮುಂದಿನ ತಲೆಮಾರು ಸಿದ್ಧವಾಗುತ್ತಲೇ ಇರುತ್ತದೆ.

ಒಮ್ಮೆ ಹಾರೆಯಿಂದ ರಾಶಿಯ ಬದಿಯನ್ನು ಕೆದಕಿ ನೋಡಿ. ನಡುಭಾಗ ಕೈಯಿಡಲಾರದಷ್ಟು ಬಿಸಿಯಾಗಿರುತ್ತದೆ, ಅಲ್ಲಿ ಹುಳು ಬದುಕುವುದಿಲ್ಲ. ಹುಳು ಇರುವುದು ಮಳೆ ನೀರು ಬಿದ್ದು ಒದ್ದೆಯಾದ ಹೊರಗಿನ ಅಂಚಿನಲ್ಲಿ, ನಾಲ್ಕು ಬೆರಳಿನಷ್ಟು ಆಳದೊಳಗೆ. ಬಲಿತ ಹುಳುಗಳು ಒಣಗಿದ ಜಾಗ ಹುಡುಕಿಕೊಂಡು ಹೊರಗೆ ಸರಿದು, ರಾಶಿಯ ಬುಡದ ಮಣ್ಣಿನಲ್ಲಿ ಗೋಧಿ ಕಾಳಿನ ಗಾತ್ರದ ಕೆಂಗಂದು ಕೋಶಗಳಾಗುತ್ತವೆ. ಅಂಗೈಯಷ್ಟು ಮಣ್ಣು ತೆಗೆದರೆ ಹತ್ತಾರು ಸಿಗುತ್ತವೆ. ಆದ್ದರಿಂದ ಅಂಚಿನ ಗೊಬ್ಬರವನ್ನು ಕೆಳಗಿನ ಮಣ್ಣಿನ ಸಮೇತ ಕೆರೆದು ಬಿಸಿಯಿರುವ ನಡುಭಾಗಕ್ಕೆ ತಳ್ಳಬೇಕು. ಅನಂತರ ಇಡೀ ರಾಶಿಗೆ ಟಾರ್ಪಾಲು ಹೊದಿಸಿ, ಗಾಳಿಗೆ ಏಳದಂತೆ ಸುತ್ತಲೂ ಮಣ್ಣು ಒತ್ತಬೇಕು. ಒಳಗಿನ ಕಾವು ಐವತ್ತು ಡಿಗ್ರಿ ಸೆಲ್ಸಿಯಸ್ ದಾಟಿದರೆ ಹುಳುಗಳು ಸಾಯುತ್ತವೆ, ಹೊರಗಿನಿಂದ ಹೊಸ ನೊಣ ಬಂದು ಮೊಟ್ಟೆಯಿಡಲೂ ಜಾಗವಿರುವುದಿಲ್ಲ. ವಾರಕ್ಕೊಮ್ಮೆ ಮಗುಚಿ ಮತ್ತೆ ಮುಚ್ಚಿ. ಹಲಸಿನ ರೆಚ್ಚೆಯನ್ನು ಆ ರಾಶಿಗೆ ಸೇರಿಸದೆ ಅಂದಂದೇ ಹಸುಗಳಿಗೆ ಹಾಕಿ, ಉಳಿದದ್ದನ್ನು ಗುಂಡಿಯಲ್ಲಿ ಮುಚ್ಚಿ.

ಕೊಟ್ಟಿಗೆಯ ವಿಚಾರಕ್ಕೆ ಬಂದರೆ, ನಮ್ಮ ಕಡೆ ಸೊಪ್ಪು, ದರಗು (ಉದುರಿದ ಒಣ ಎಲೆ) ಹಾಸುವ ಪದ್ಧತಿ ಒಳ್ಳೆಯದೇ, ಗೊಬ್ಬರಕ್ಕೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಗಂಜಲದಲ್ಲಿ ನೆಂದ ಸೊಪ್ಪು, ಗೋದಲಿಯ ಕೆಳಗೆ ಬಿದ್ದು ಕೊಳೆತ ಹುಲ್ಲು ಕೊಟ್ಟಿಗೆ ನೊಣಕ್ಕೆ ತವರು. ಮಳೆಗಾಲದಲ್ಲಿ ಹಾಸನ್ನು ತಿಂಗಳುಗಟ್ಟಲೆ ಬಿಡದೆ ವಾರಕ್ಕೊಮ್ಮೆಯಾದರೂ ತೆಗೆಯಿರಿ, ಮುಖ್ಯವಾಗಿ ಗೋಡೆಯ ಮೂಲೆಗಳಲ್ಲಿ ಮತ್ತು ಗಂಜಲದ ಕಾಲುವೆಯಲ್ಲಿ ಉಳಿಯುವುದನ್ನು.

ಉತ್ತರ: ಏಲಕ್ಕಿ_ಹೂವು (ಸಕಲೇಶಪುರ)

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ. ನಮ್ಮಲ್ಲಿ ರಾಶಿಯ ಮೇಲೆ ಸುಣ್ಣ ಎರಚುವ ರೂಢಿಯಿದೆ, ಅದರಿಂದ ನೊಣ ಕಡಿಮೆಯಾಗುತ್ತದೆ ಎನ್ನುತ್ತಾರೆ. ಅದನ್ನೂ ಪ್ರಯತ್ನಿಸಬಹುದು.

ಉತ್ತರ: ಕೀಟ_ಓದುಗ (ಮೂಡಿಗೆರೆ)

ಸುಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ತೋಟಕ್ಕೆ ಹಾಕಲಿರುವ ಕೋಳಿ ಗೊಬ್ಬರಕ್ಕೆ ಸುಣ್ಣ ಬೆರೆತರೆ ಅದರಲ್ಲಿರುವ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರದ ಸತ್ತ್ವವೇ ಗಾಳಿಗೆ ಹೋದಂತೆ. ಒದ್ದೆ ಹೀರಲು ಒಣಗಿದ ಕಾಫಿ ಸಿಪ್ಪೆ, ಮರದ ಹೊಟ್ಟು ಅಥವಾ ಒಣ ದರಗು ಸಾಕು. ಸುಣ್ಣವನ್ನು ಚರಂಡಿಯ ಅಂಚಿಗೆ ಬೇಕಾದರೆ ಬಳಸಿ.

ಈಗ ಸೀಬೆ. ಅದರೊಳಗಿನ ಹುಳು ಹಣ್ಣಿನ ನೊಣದ ಮರಿ. ಬ್ಯಾಕ್ಟ್ರೊಸೆರಾ ಎಂಬ ಕುಲಕ್ಕೆ ಸೇರಿದ ಈ ನೊಣ ಮಾವಿಗೂ ಸೀಬೆಗೂ ಬೀಳುತ್ತದೆ, ಮನೆ ನೊಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಹೆಣ್ಣು ನೊಣ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹಣ್ಣಿನ ಮೇಲೆ ಸೂಜಿಮೊನೆಯಷ್ಟು ಚುಕ್ಕೆ, ಅದರ ಸುತ್ತ ಮೆತ್ತಗಾದ ಕಂದು ವೃತ್ತ ಕಂಡರೆ ಒಳಗೆ ಮರಿ ಇದೆಯೆಂದೇ ತಿಳಿಯಬೇಕು. ಹಣ್ಣು ಉದುರಿದ ಮೇಲೆ ಮರಿ ಹೊರಬಂದು ಮರದಡಿಯ ಮೇಲ್ಮಣ್ಣಿನಲ್ಲಿ ಕೋಶವಾಗುತ್ತದೆ. ಹೀಗಾಗಿ ಉದುರಿದ ಹಣ್ಣನ್ನು ದಿನವೂ ಆರಿಸುವುದೇ ಅರ್ಧಕ್ಕಿಂತ ಹೆಚ್ಚಿನ ಕೆಲಸ. ಆರಿಸಿದ್ದನ್ನು ಬೇಲಿಯಾಚೆ ಎಸೆಯಬೇಡಿ, ತಿಪ್ಪೆಯ ಮೇಲೂ ಸುರಿಯಬೇಡಿ. ನೀರು ತುಂಬಿದ ಡ್ರಮ್ಮಿನಲ್ಲಿ ಕೆಲವು ದಿನ ಮುಳುಗಿಸಿಟ್ಟು, ಬಳಿಕ ಎರಡು ಅಡಿ ಆಳದಲ್ಲಿ ಹೂಳಿ.

ಇದರ ಜೊತೆಗೆ ಮೀಥೈಲ್ ಯೂಜಿನಾಲ್ ಹಾಕಿದ ಮೋಹಕ ಬಲೆಯನ್ನು ತೂಗುಹಾಕಬಹುದು. ಅದಕ್ಕೆ ಬೀಳುವುದು ಗಂಡು ನೊಣಗಳು ಮಾತ್ರ. ಗಂಡಿನ ಸಂಖ್ಯೆ ಕುಗ್ಗಿದಂತೆ ಹೆಣ್ಣು ಕೂಡುವುದು ಕಡಿಮೆಯಾಗುತ್ತದೆ. ಕಾಯಿ ಇನ್ನೂ ಎಳೆಯದಾಗಿರುವಾಗಲೇ ಬಲೆ ಕಟ್ಟಿದರೆ ಮಾತ್ರ ಪ್ರಯೋಜನ, ಹುಳು ಹೊಕ್ಕ ಹಣ್ಣಿಗೆ ಅದು ಏನೂ ಮಾಡದು. ಹೀರೆ, ಹಾಗಲದ ಚಪ್ಪರವಿದ್ದರೆ ಅಲ್ಲಿಗೆ ಕ್ಯೂ ಲೂರ್ ಎಂಬ ಬೇರೆಯೇ ಮೋಹಕ ಬೇಕು. ಮನೆಮಟ್ಟಿಗಾದರೆ ಕಾಯಿಗಳಿಗೆ ಕಾಗದದ ಅಥವಾ ತೆಳು ಬಟ್ಟೆಯ ಚೀಲ ಕಟ್ಟುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಖಚಿತವಾದ ದಾರಿ. ಬಲೆಗಳ ಬಗ್ಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಸಿಂಪಡಣೆಯ ಬಗ್ಗೆ ನಿಮ್ಮ ಹಿಂಜರಿಕೆ ಸರಿಯಾದದ್ದು. ಮೊದಲು ಮನೆಮನೆಗಳಲ್ಲಿ ಬಳಸುತ್ತಿದ್ದ ಡೈಕ್ಲೋರ್ವಾಸ್ ಎಂಬ ಕೀಟನಾಶಕವನ್ನು ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ಬಾಟಲಿ ಯಾರಾದರೂ ಕೊಟ್ಟರೆ ಮುಟ್ಟಲೇಬೇಡಿ. ಡಿಡಿಟಿಗೆ ಮನೆ ನೊಣ ಜಗ್ಗದಂತಾದದ್ದು 1940ರ ದಶಕದಲ್ಲೇ, ಅಂದರೆ ಔಷಧಿಗೆ ಒಗ್ಗಿಕೊಳ್ಳುವುದು ಅದಕ್ಕೆ ಹೊಸತಲ್ಲ. ಜೇನು ಮಾತ್ರ ಹಾಗೆ ಒಗ್ಗಿಕೊಂಡು ಉಳಿಯುವುದಿಲ್ಲ. ಕಿಟಕಿಗೆ ಜಾಲರಿ, ಮಗುವಿಗೆ ಸೊಳ್ಳೆಪರದೆ, ಅನ್ನ ಸಾರಿಗೆ ಮುಚ್ಚಳ, ಬಾಗಿಲ ಬಳಿ ಅಂಟು ಹಾಳೆ, ಸದ್ಯಕ್ಕೆ ಇಷ್ಟು ಸಾಕು.

ಹಿತ್ತಲ_ಸೀಬೆ (ಆಲ್ದೂರು)

ಇಷ್ಟು ವಿವರವಾಗಿ ಬರೆದದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಬೆಳಿಗ್ಗೆ ರಾಶಿಯ ಅಂಚು ಕೆದಕಿ ನೋಡಿದೆವು; ಹುಳು, ಕೋಶ ಎರಡೂ ಹೇಳಿದ ಜಾಗದಲ್ಲೇ ಇದ್ದವು. ಟಾರ್ಪಾಲು ಹೊದಿಸಿದ್ದೇವೆ. ಇನ್ನೊಂದು ಸಂದೇಹ: ಅಡುಗೆಮನೆಯ ಕಸ ಹಾಕುವ ಗುಂಡಿಯಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ, ಚಪ್ಪಟೆಯಾದ, ಬೂದುಗಂದು ಬಣ್ಣದ ಒರಟು ಹುಳುಗಳು ರಾಶಿ ರಾಶಿ ಇವೆ. ಇವುಗಳನ್ನೂ ಕೊಲ್ಲಬೇಕೇ?

ಉತ್ತರ: ಕೀಟ_ಓದುಗ (ಮೂಡಿಗೆರೆ)

ದಯವಿಟ್ಟು ಕೊಲ್ಲಬೇಡಿ. ನಿಮ್ಮ ವಿವರಣೆಯಂತೆ ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಬೆಳೆದ ನೊಣ ಕಪ್ಪಗೆ, ಕಣಜದಂತೆ ಕಾಣುತ್ತದೆ. ಅದು ಕಚ್ಚುವುದಿಲ್ಲ, ಊಟದ ತಟ್ಟೆಗೆ ಮುತ್ತುವುದೂ ಇಲ್ಲ. ಮರಿಗಳು ಕಸವನ್ನು ಬೇಗ ತಿಂದು ಮುಗಿಸುತ್ತವೆ, ಅವು ತುಂಬಿರುವ ಕಡೆ ಮನೆ ನೊಣ ಮೊಟ್ಟೆಯಿಡುವುದು ಕಡಿಮೆ. ಕೋಳಿ ಸಾಕಿದ್ದರೆ ಒಂದಿಷ್ಟು ಹುಳುಗಳನ್ನು ಅವುಗಳಿಗೆ ಹಾಕಬಹುದು. ಗುಂಡಿಗೆ ಮಳೆ ನೀರು ನುಗ್ಗದಂತೆ ಮೇಲೊಂದು ತಗಡು ಹೊದಿಸಿ, ಹಸಿ ಕಸ ಹಾಕಿದಾಗಲೆಲ್ಲ ಅದರ ಮೇಲೆ ಒಂದು ಹಿಡಿ ಒಣ ದರಗು ಉದುರಿಸಿ.