ಟೆಸ್ಟಿಗೆ ತ್ರಿಕೋನಮಿತಿಯ ಯಾವ ನಿತ್ಯಸಮೀಕರಣಗಳು ಬೇಕೇ ಬೇಕು?

ಪ್ರಶ್ನೆ (ವಿದ್ಯಾರ್ಥಿನಿ): ಮೇಡಂ, ನಾನು ಹತ್ತನೇ ತರಗತಿ. ಮುಂದಿನ ವಾರ ತ್ರಿಕೋನಮಿತಿ ಟೆಸ್ಟ್ ಇದೆ. ಗೆಳತಿ ಒಂದು ಪಟ್ಟಿ ಕಳಿಸಿದ್ದಾಳೆ, ಎರಡು ಪುಟ ತುಂಬ ಬರೀ ಸೂತ್ರಗಳು. ಎಲ್ಲವನ್ನೂ ಬಾಯಿಪಾಠ ಮಾಡಲೇಬೇಕಾ?

ಉತ್ತರ (ಗಣಿತ ಶಿಕ್ಷಕಿ): ಬೇಡಮ್ಮ. ಆ ಪಟ್ಟಿ ಪಕ್ಕಕ್ಕಿಡು. ನಿನ್ನ ತರಗತಿಗೆ ನಿಜವಾಗಿ ನೆನಪಿರಬೇಕಾದ್ದು ಒಂದೇ ಒಂದು: ಸೈನ್² ಎ + ಕಾಸ್² ಎ = 1. ಇದೂ ಎಲ್ಲಿಂದಲೋ ಉದುರಿದ್ದಲ್ಲ, ಪೈಥಾಗೊರಸ್ ಪ್ರಮೇಯವೇ. ಲಂಬಕೋನ ತ್ರಿಭುಜದಲ್ಲಿ ಅಭಿಮುಖ ಬಾಹುವಿನ ವರ್ಗಕ್ಕೆ ಪಾರ್ಶ್ವ ಬಾಹುವಿನ ವರ್ಗ ಕೂಡಿಸಿದರೆ ವಿಕರ್ಣದ ವರ್ಗ ಬರುತ್ತದೆ, ಅಲ್ವಾ? ಎಲ್ಲವನ್ನೂ ವಿಕರ್ಣದ ವರ್ಗದಿಂದ ಭಾಗಿಸು, ಸೂತ್ರ ಸಿಕ್ಕಿತು.

ಈಗ ಇದನ್ನೇ ಕಾಸ್² ಎ ಇಂದ ಭಾಗಿಸು. ಟ್ಯಾನ್² ಎ + 1 = ಸೆಕ್² ಎ. ಸೈನ್² ಎ ಇಂದ ಭಾಗಿಸಿದರೆ 1 + ಕಾಟ್² ಎ = ಕೊಸೆಕ್² ಎ. ನಿಮ್ಮ ಪಾಠದಲ್ಲಿ ಬರುವ ಮೂರೂ ಆಯಿತು. ಒಮ್ಮೆ ನೀನೇ ಕೈಯಾರೆ ಭಾಗಿಸಿ ಬರೆದರೆ, ಪ್ಲಸ್ಸೋ ಮೈನಸ್ಸೋ ಅನ್ನೋ ಅನುಮಾನ ಪರೀಕ್ಷೆಯ ಮಧ್ಯೆ ಬಂದರೂ ಹೆದರಬೇಕಿಲ್ಲ, ಪಕ್ಕದಲ್ಲಿ ಒಂದು ಸಾಲು ಬರೆದು ನೋಡಿಕೊಳ್ಳಬಹುದು.

ಜೊತೆಗೆ ಅನುಪಾತಗಳ ನಂಟು ಗೊತ್ತಿರಲಿ. ಟ್ಯಾನ್ ಅಂದರೆ ಸೈನ್ ಬೈ ಕಾಸ್. ಕಾಟ್ ಅದರ ವ್ಯುತ್ಕ್ರಮ. ಸೆಕ್ ಕಾಸ್‌ನ ವ್ಯುತ್ಕ್ರಮ, ಕೊಸೆಕ್ ಸೈನ್‌ನ ವ್ಯುತ್ಕ್ರಮ. ತುಂಬಾ ಮಕ್ಕಳು ಸೆಕ್ ಮತ್ತು ಸೈನ್ ಜೋಡಿ ಅಂದುಕೊಂಡುಬಿಡುತ್ತಾರೆ, ಹಾಗಲ್ಲ. ಪೂರಕ ಕೋನಗಳು ಪಠ್ಯದಲ್ಲಿದ್ದರೆ ಸೈನ್ (90° − ಎ) = ಕಾಸ್ ಎ ಸಾಕು, ಉಳಿದವು ಅದೇ ದಾರಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಸೂತ್ರ ಗೊತ್ತಿದ್ದರೂ 'ಸಾಧಿಸಿ' ಅಂತ ಕೊಟ್ಟರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ ಮೇಡಂ.

ಉತ್ತರ: ಅಂಕ ಹೋಗುವುದೇ ಅಲ್ಲಿ, ಸೂತ್ರ ಮರೆತು ಅಲ್ಲ. ಜಾಸ್ತಿ ಕಷ್ಟ ಕಾಣುವ ಬದಿಯನ್ನು ಹಿಡಿ. ದಾರಿ ತೋಚದಿದ್ದರೆ ಎಲ್ಲವನ್ನೂ ಸೈನ್, ಕಾಸ್‌ಗೆ ತಿರುಗಿಸು. ಒಂದು ಲೆಕ್ಕ ನೋಡೋಣ:

ಕಾಸ್ ಎ / (1 + ಸೈನ್ ಎ) + (1 + ಸೈನ್ ಎ) / ಕಾಸ್ ಎ = 2 ಸೆಕ್ ಎ ಎಂದು ಸಾಧಿಸಿ.

ಎಡಬದಿಯಲ್ಲಿ ಎರಡು ಭಿನ್ನರಾಶಿ ಇವೆ, ಹಾಗಾಗಿ ಮೊದಲು ಛೇದ ಒಂದೇ ಮಾಡು. ಅಂಶದಲ್ಲಿ ಕಾಸ್² ಎ + 1 + 2 ಸೈನ್ ಎ + ಸೈನ್² ಎ ಬರುತ್ತದೆ. ಅದರಲ್ಲಿ ಕಾಸ್² ಮತ್ತು ಸೈನ್² ಸೇರಿ 1 ಆಯಿತು. ಉಳಿದದ್ದು 2 + 2 ಸೈನ್ ಎ, ಅಂದರೆ 2(1 + ಸೈನ್ ಎ). ಕೆಳಗೆ ಕಾಸ್ ಎ (1 + ಸೈನ್ ಎ) ಇದೆ. ಆವರಣ ಹೊಡೆದುಹೋಗುತ್ತದೆ, 2 / ಕಾಸ್ ಎ ಉಳಿಯುತ್ತದೆ. ಅದೇ 2 ಸೆಕ್ ಎ.

ಒಂದು ಮಾತು ದಯವಿಟ್ಟು ಗಮನಿಸು. ಎಡಬದಿ ಬಲಬದಿ ಎರಡೂ ಸಮ ಅಂತ ಮೊದಲೇ ಬರೆದುಕೊಂಡು, ಆ ಕಡೆಯದ್ದನ್ನು ಈ ಕಡೆಗೆ ಸಾಗಿಸಬೇಡ. ಸಾಧಿಸಬೇಕಾದ್ದನ್ನೇ ನಿಜ ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಒಂದು ಬದಿಯಿಂದ ಹೊರಟು ಇನ್ನೊಂದನ್ನು ಮುಟ್ಟು, ಅಥವಾ ಎರಡನ್ನೂ ಬೇರೆ ಬೇರೆ ಸುಲಭ ಮಾಡಿ ಒಂದೇ ಉತ್ತರಕ್ಕೆ ತಾ. ಮತ್ತೆ, ಛೇದದಲ್ಲಿ 1 + ಸೈನ್ ಎ ಒಂಟಿಯಾಗಿ ಕೂತಿದ್ದರೆ ಮೇಲೂ ಕೆಳಗೂ 1 − ಸೈನ್ ಎ ಇಂದ ಗುಣಿಸು, ಕೆಳಗೆ ಕಾಸ್² ಎ ಸಿಗುತ್ತದೆ. ಇದು ಬಹಳ ಕಡೆ ಕೈಹಿಡಿಯುತ್ತದೆ.

ಪ್ರಶ್ನೆ (ಒಬ್ಬ ಪೋಷಕರು): ನಮಸ್ಕಾರ ಮೇಡಂ. ನನ್ನ ಮಗ ಸೈನ್ ಎ + ಕಾಸ್ ಎ = 1 ಅಂತ ಬರೆಯುತ್ತಾನೆ. ವರ್ಗಮೂಲ ತೆಗೆದೆ ಅನ್ನುತ್ತಾನೆ. ಹೇಗೆ ತಿದ್ದುವುದು?

ಉತ್ತರ: ನಮಸ್ಕಾರ. ತಪ್ಪು ಅಂತ ಹೇಳುವ ಬದಲು ಅವನ ಕೈಯಲ್ಲೇ 30° ಹಾಕಿಸಿ. ಸೈನ್ 30° ಅಂದರೆ 0.5, ಕಾಸ್ 30° ಸುಮಾರು 0.866. ಕೂಡಿಸಿದರೆ 1.366, ಒಂದಂತೂ ಅಲ್ಲ. ವರ್ಗ ಮಾಡಿ ಕೂಡಿಸಿದರೆ 1/4 + 3/4, ಸರಿಯಾಗಿ 1. ಯಾವ ಸೂತ್ರದ ಮೇಲೆ ಅನುಮಾನ ಬಂದರೂ ಹೀಗೆ ಒಂದು ಕೋನ ಹಾಕಿ ನೋಡುವ ಅಭ್ಯಾಸ ಮಾಡಿಸಿ. ಒಂದು ಕೋನಕ್ಕೆ ತಾಳೆಯಾದರೆ ಸೂತ್ರ ಸಾಬೀತಾಯಿತು ಅಂತ ಅಲ್ಲ, ಆದರೆ ತಾಳೆಯಾಗದಿದ್ದರೆ ಅದು ತಪ್ಪು ಅನ್ನೋದು ಖಂಡಿತ.

ಪ್ರಶ್ನೆ (ಹನ್ನೊಂದನೇ ತರಗತಿ ವಿದ್ಯಾರ್ಥಿ): ನಮಗೆ ಮೊತ್ತದ ಸೂತ್ರ, ದ್ವಿಗುಣ ಕೋನ ಎಲ್ಲಾ ಇದೆ. ನಮಗೂ ಇದೇ ಮಾತಾ?

ಉತ್ತರ: ನಿಮಗೆ ಎರಡು ಜಾಸ್ತಿ ಬೇಕು. ಸೈನ್ (ಎ + ಬಿ) = ಸೈನ್ ಎ ಕಾಸ್ ಬಿ + ಕಾಸ್ ಎ ಸೈನ್ ಬಿ. ಕಾಸ್ (ಎ + ಬಿ) = ಕಾಸ್ ಎ ಕಾಸ್ ಬಿ − ಸೈನ್ ಎ ಸೈನ್ ಬಿ. ಇಲ್ಲಿ ಬಿ ಬದಲು ಎ ಹಾಕಿದರೆ ಸೈನ್ 2ಎ, ಕಾಸ್ 2ಎ ತಾನಾಗಿ ಬರುತ್ತವೆ. ಕಾಸ್ 2ಎ ಗೆ ಮೂರು ರೂಪ ಇದೆ ಅಂತ ಗಾಬರಿ ಬೇಡ, ಕಾಸ್² ಎ − ಸೈನ್² ಎ ಬರೆದು 1ರ ಸೂತ್ರ ಬಳಸಿದರೆ ಉಳಿದೆರಡೂ ಬಂದವು. ಚಿಹ್ನೆ ಮಾತ್ರ ಎಚ್ಚರ. ಸೈನ್ ಎ = 3/5 ಅಂತ ಕೊಟ್ಟರೆ ಕಾಸ್ 4/5 ಆಗಬಹುದು, −4/5 ಕೂಡ ಆಗಬಹುದು. ಕೋನ ಲಘುವೋ ವಿಶಾಲವೋ ಅಂತ ಪ್ರಶ್ನೆಯಲ್ಲೇ ಎಲ್ಲೋ ಹೇಳಿರುತ್ತಾರೆ, ಅದನ್ನು ಸುಮ್ನೆ ದಾಟಿ ಹೋಗಬೇಡ.

ಪ್ರಶ್ನೆ (ಮೊದಲ ವಿದ್ಯಾರ್ಥಿನಿ): ಕೊನೆಯದು ಮೇಡಂ. ಸೆಕ್ ಎ + ಟ್ಯಾನ್ ಎ = 3 ಆದರೆ ಸೈನ್ ಎ ಎಷ್ಟು? ಇದಕ್ಕೆ ಬೇರೆ ಸೂತ್ರ ಇದೆಯಾ?

ಉತ್ತರ: ಇಲ್ಲ, ಅದೇ ಎರಡನೇ ಸೂತ್ರ. ಸೆಕ್² ಎ − ಟ್ಯಾನ್² ಎ = 1 ಅಂತ ಬರೆದು ಅಪವರ್ತಿಸು. ಎರಡರ ಮೊತ್ತ 3 ಇದ್ದರೆ ವ್ಯತ್ಯಾಸ 1/3 ಆಗಲೇಬೇಕು. ಎರಡನ್ನೂ ಕೂಡಿಸಿದರೆ ಸೆಕ್ ಎ = 5/3, ಕಳೆದರೆ ಟ್ಯಾನ್ ಎ = 4/3. ಟ್ಯಾನನ್ನು ಸೆಕ್‌ನಿಂದ ಭಾಗಿಸು, ಸೈನ್ ಎ = 4/5. ಈಗ 3ರ ಬದಲು 2 ಹಾಕಿ ನೀನೇ ಮಾಡಿ ಇಲ್ಲಿ ಬರೆ, ನೋಡುತ್ತೇನೆ.